ಅವಧಿ ಮೀರಿದ ದಾವೆಯೂ ನ್ಯಾಯಾಧಿಪತಿಯ ವಿವೇಚನೆಯೂ

ಹಕ್ಕುಳ್ಳವನು ಬಹುಕಾಲ ಸುಮ್ಮನಿದ್ದರೆ ಆ ಹಕ್ಕು ಅಳಿಯುವುದೇ ಎಂಬ ಪ್ರಶ್ನೆಯು ಕರ್ಣಾಟಕಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ವಿಚಾರಿಸಿದ್ದಾನೆ. ತನ್ನ ಭೂಮಿಯನ್ನು ಅನ್ಯನು ಅನುಭವಿಸುವುದನ್ನು ಕಂಡೂ 20 ವರ್ಷ ಆಕ್ಷೇಪಿಸದವನಿಗೆ ಹಾನಿಯುಂಟೆಂದೂ, ಧನದ ವಿಷಯದಲ್ಲಿ ಈ ಅವಧಿ 10 ವರ್ಷವೆಂದೂ ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ನಷ್ಟವಾಗುವುದು ಫಲವೇ ಹೊರತು ಸ್ವಾಮ್ಯವಲ್ಲವೆಂದು ವಿಜ್ಞಾನೇಶ್ವರನ ವ್ಯಾಖ್ಯಾನ. ಜಡರ ಮತ್ತು ಬಾಲರ ಧನಕ್ಕಾದರೋ ಈ ನಿಯಮವೇ ಸಲ್ಲದೆಂದು ಸ್ಮೃತಿಯು ವಿಧಿಸಿದೆ. ಕೇಳಲಾರದವನ ಮೌನವು ಸಮ್ಮತಿಯಲ್ಲವೆಂಬುದೇ ಇದರ ತಾತ್ಪರ್ಯ.

ಬ್ರಿಟಿಷ್ ಇಂಡಿಯದ 1908ರ ಅವಧಿ ಕಾಯಿದೆಯೂ ಅಪ್ರಾಪ್ತವಯಸ್ಕರಿಗೆ ಮತ್ತು ಬುದ್ಧಿವಿಕಲರಿಗೆ ವಿನಾಯಿತಿಯನ್ನಿತ್ತಿತು. ಆದರೆ ಶರೀರಕ್ಕಾದ ಸಾಮಾನ್ಯ ಹಾನಿಯ ದಾವೆಗೆ ಅದು ನಿಗದಿಪಡಿಸಿದ ಕಾಲ ಒಂದೇ ವರ್ಷ. ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ 5ನೆಯ ಪ್ರಕರಣವು ಅಪೀಲುಗಳಿಗೂ ಕೆಲವು ಅರ್ಜಿಗಳಿಗೂ ಮಾತ್ರ ಅನ್ವಯಿಸುತ್ತಿತ್ತು, ಮೂಲದಾವೆಗೆ ಅನ್ವಯಿಸುತ್ತಿರಲಿಲ್ಲ. ಹಾಸಿಗೆ ಹಿಡಿದ ಗಾಯಾಳುವು ಬಾಲನೂ ಅಲ್ಲ, ಬುದ್ಧಿವಿಕಲನೂ ಅಲ್ಲ. ಆದುದರಿಂದ ಅವನ ವಿಷಯದಲ್ಲಿ ನ್ಯಾಯಾಧಿಪತಿಯ ಕೈ ಕಟ್ಟಿಹೋಗಿತ್ತು. 1963ರ ಕಾಯಿದೆಯೂ ದಾವೆಗಳನ್ನು ಈ 5ನೆಯ ಪ್ರಕರಣದ ಹೊರಗೇ ಇರಿಸಿತು.

ಈ ಕೊರತೆಯನ್ನು ತುಂಬಿದುದು ವಿಶೇಷ ಕಾಯಿದೆಗಳು. ಕೆಲಸಗಾರರ ನಷ್ಟಪರಿಹಾರದ 1923ರ ಕಾಯಿದೆಯು, ಸಾಕಷ್ಟು ಕಾರಣ ಕಂಡುಬಂದರೆ ತಡವಾದ ಅರ್ಜಿಯನ್ನೂ ವಿಚಾರಿಸಲು ಕಮಿಷನರಿಗೆ ಅಧಿಕಾರವನ್ನಿತ್ತಿತು. ಕಾಫಿತೋಟದ ಕೂಲಿಗಾರರೂ ಮುಂದೆ ಅದರ ವ್ಯಾಪ್ತಿಗೆ ಬಂದರು. ಮೋಟಾರು ಅಪಘಾತದ ಅರ್ಜಿಗಳಿಗೆ 1956ರ ತಿದ್ದುಪಡಿಯು ಇಂಥದೇ ವಿವೇಚನೆಯನ್ನು ಒದಗಿಸಿತು. 1988ರ ಕಾಯಿದೆಯು ಅದಕ್ಕೆ ಎಲ್ಲೆ ಕಟ್ಟಿತು: 6 ತಿಂಗಳು ಸಹಜ ಅವಧಿ, ಕಾರಣವಿದ್ದರೂ 12 ತಿಂಗಳ ಮೇಲೆ ಅವಕಾಶವಿಲ್ಲ. 1994ರಲ್ಲಿ ಅವಧಿಯನ್ನೇ ತೆಗೆದುಹಾಕಲಾಯಿತು. 2019ರ ತಿದ್ದುಪಡಿಯು 6 ತಿಂಗಳ ಅವಧಿಯನ್ನು ಮರಳಿ ತಂದಿತು. ವಿವೇಚನೆಯನ್ನು ಮಾತ್ರ ಮರಳಿ ತರಲಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ವಿಧಿಯ ಸಿಂಧುತ್ವವು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾಗಿ, ಅವಧಿ ಮೀರಿತೆಂಬ ಕಾರಣದಿಂದಲೇ ಅರ್ಜಿಗಳನ್ನು ವಜಾ ಮಾಡಕೂಡದೆಂದು 2025ರಲ್ಲಿ ಮಧ್ಯಂತರ ಆಜ್ಞೆಯಾಯಿತು.

ಶೃಂಗೇರಿ ಸೀಮೆಯ ಬೇಗಾರಿನಂಥ ಮಲೆನಾಡಿನ ಊರಿಗೆ ಈ ಚರ್ಚೆಯು ಕೇವಲ ಶಾಸ್ತ್ರವಿಚಾರವಲ್ಲ. ಮೂಳೆ ಮುರಿದವನು ಘಟ್ಟವಿಳಿದು ಚಿಕಿತ್ಸೆ ಪಡೆದು, ಊರುಗೋಲು ಹಿಡಿದು ಎದ್ದು ನಡೆಯುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದಿರಬಹುದು. ಪ್ರತಿವಾದಿಯ ಪಕ್ಷದಲ್ಲಿಯೂ ನ್ಯಾಯವುಂಟು: ಕಾಲ ಕಳೆದಂತೆ ಸಾಕ್ಷಿಗಳು ಮರೆಯುತ್ತಾರೆ, ಕಾಗದಪತ್ರಗಳು ಅಳಿಯುತ್ತವೆ. ಇವೆರಡನ್ನೂ ತೂಗಿನೋಡುವ ಅಧಿಕಾರವನ್ನು ಇಂಗ್ಲೆಂಡು 1975ರಲ್ಲಿ ತನ್ನ ನ್ಯಾಯಾಲಯಗಳಿಗೆ ಒಪ್ಪಿಸಿತು. ವಿಳಂಬವೆಷ್ಟು, ಅದಕ್ಕೆ ಕಾರಣವೇನು, ಅದರಿಂದ ಸಾಕ್ಷ್ಯಕ್ಕಾದ ಕೆಡುಕೆಷ್ಟು ಎಂಬುದನ್ನು ಅಲ್ಲಿ ವಿಚಾರಿಸಲಾಗುತ್ತದೆ. ವಿನಾಯಿತಿಯುಳ್ಳವರ ಪಟ್ಟಿಯು ಎಷ್ಟೇ ದೀರ್ಘವಾಗಿದ್ದರೂ ಎಲ್ಲ ಕಷ್ಟಗಳನ್ನೂ ಮುಂಗಾಣಲಾರದು. ಅವಧಿಯ ವಿಧಿಯೊಡನೆ ವಿವೇಚನೆಯೂ ಇರಬೇಕಾದುದು ಈ ಕಾರಣದಿಂದಲೇ.