ಸಪಾಟು ಎಂಬ ಮಾತು ಮತ್ತು ಅದರ ಅಳತೆ

(ಸ್ಟೌಫ್‌ವಿಲ್‌ನಲ್ಲಿ ಸೇರಿದ ಕನ್ನಡ ಬಳಗದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇಂಜಿನಿಯರಿಂಗ್ ನಕ್ಷೆಗಳಲ್ಲಿ ಒಂದು ಪುಟ್ಟ ಚಿಹ್ನೆಯುಂಟು: ಒಂದು ಪಕ್ಕಕ್ಕೆ ವಾಲಿದ ಚತುರ್ಭುಜ, ಅದರ ಮಗ್ಗುಲಲ್ಲಿ ಒಂದು ಸಂಖ್ಯೆ, ಉದಾಹರಣೆಗೆ 0.05. ಈ ಪ್ರಾಂತದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರು ಇದನ್ನು ದಿನವೂ ಕಾಣುತ್ತಾರೆ. ಅವರ ಮನೆಯವರಿಗೂ ಮಕ್ಕಳಿಗೂ ಇದು ಅಪರಿಚಿತ. ಎರಡು ಶತಮಾನಗಳ ಶ್ರಮದ ಫಲವಾದ ಈ ಚಿಹ್ನೆಯ ಚರಿತ್ರೆಯನ್ನು ಎಲ್ಲರಿಗೂ ತಿಳಿಯುವಂತೆ ಹೇಳುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳೋಣ. ನಮ್ಮ ಮನೆ ಕಟ್ಟುವ ಮೇಸ್ತ್ರಿಗಳು ರಸಮಟ್ಟ ಇಟ್ಟು ನೋಡುವುದು ‘ಮಟ್ಟ’ವನ್ನು, ಅಂದರೆ ನೆಲ ಯಾವ ಕಡೆಗೂ ವಾಲಿಲ್ಲವೆಂಬುದನ್ನು. ‘ಸಪಾಟು’ ಬೇರೆಯೇ ಗುಣ. ಇಳಿಜಾರಾದ ಹಲಗೆಯೂ ಸಪಾಟಾಗಿರಬಹುದು; ಮಟ್ಟವಾದ ಅಂಗಳದಲ್ಲೂ ಉಬ್ಬುತಗ್ಗುಗಳಿರಬಹುದು. ಮಟ್ಟವನ್ನು ನಿರ್ಣಯಿಸಲು ಭೂಮಿಯ ಸಾಕ್ಷಿ ಬೇಕು. ಸಪಾಟುತನವಾದರೋ ಮೇಲ್ಮೈಯೊಂದು ತನ್ನಲ್ಲಿ ತಾನೇ ಹೊಂದಿರುವ ಗುಣ. ಆದುದರಿಂದಲೇ ನಕ್ಷೆಯಲ್ಲಿ ಈ ಚಿಹ್ನೆಯ ಪಕ್ಕದಲ್ಲಿ ಆಧಾರತಲವನ್ನು ಸೂಚಿಸುವ ಅಕ್ಷರವೇ ಇರುವುದಿಲ್ಲ.

ಈ ಊರಿಗೂ ನಮ್ಮ ವಿಷಯಕ್ಕೂ ಒಂದು ಹಳೆಯ ನಂಟಿದೆ. 1804ರಲ್ಲಿ ಪೆನ್ಸಿಲ್ವೇನಿಯಾದಿಂದ ವಲಸೆ ಬಂದ ಅಬ್ರಹಾಂ ಸ್ಟೌಫರ್ ಎಂಬ ಮೆನೊನೈಟ್ ಪಂಥದ ಗೃಹಸ್ಥರು ಇಲ್ಲಿ ಮರ ಕೊಯ್ಯುವ ಗಿರಣಿಯನ್ನೂ ಹಿಟ್ಟಿನ ಗಿರಣಿಯನ್ನೂ ಸ್ಥಾಪಿಸಿದರು. ಊರಿಗೆ ಅವರ ಹೆಸರೇ ಉಳಿಯಿತು. ಆ ಕಾಲದ ಹಿಟ್ಟಿನ ಗಿರಣಿಗಳಲ್ಲಿ ಬೀಸುಗಲ್ಲಿನ ಮುಖವನ್ನು ಪರೀಕ್ಷಿಸಲು ಒಂದು ನೇರವಾದ ಮರದ ಪಟ್ಟಿಗೆ ಕೆಮ್ಮಣ್ಣು ಬಳಿದು ಕಲ್ಲಿನ ಮೇಲೆ ಆಡಿಸುತ್ತಿದ್ದರು. ಉಬ್ಬಿದ ಕಡೆ ಕೆಂಪು ಅಂಟುತ್ತಿತ್ತು. ಅಷ್ಟನ್ನು ಮಾತ್ರ ಉಳಿಯಿಂದ ಕೆತ್ತುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಡುತ್ತಿದ್ದವರನ್ನು ಕಂಡ ಹಿರಿಯರು ಈ ಸಭೆಯಲ್ಲಿಯೂ ಇದ್ದಾರೆ. ಮರದ ಪಟ್ಟಿಯಾದರೂ ಹವೆಗೆ ಡೊಂಕಾಗುವ ವಸ್ತು. ಅದನ್ನು ಪರೀಕ್ಷಿಸಲು ಬೇರೊಂದು ಕಬ್ಬಿಣದ ಪಟ್ಟಿಯಿರುತ್ತಿತ್ತು. ಹಾಗಾದರೆ ಆ ಕಬ್ಬಿಣದ ಪಟ್ಟಿ ಸರಿಯೆಂದು ಹೇಳುವವರು ಯಾರು? ನಮ್ಮ ಚರಿತ್ರೆ ಈ ಪ್ರಶ್ನೆಯಿಂದ ಆರಂಭವಾಗುತ್ತದೆ.

ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯವರ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ ಅವರು 1840ರಲ್ಲಿ ಗ್ಲಾಸ್ಗೋ ನಗರದ ವಿಜ್ಞಾನಸಭೆಯೊಂದರಲ್ಲಿ ಇದಕ್ಕೆ ಉತ್ತರವನ್ನು ಮಂಡಿಸಿದರು. ಎರಡು ಕಬ್ಬಿಣದ ಫಲಕಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ ಅವು ಕೊನೆಗೆ ಸಂಪೂರ್ಣವಾಗಿ ಹೊಂದಿಕೊಳ್ಳಬಹುದು. ಆದರೂ ಒಂದು ಉಬ್ಬಿರಬಹುದು, ಇನ್ನೊಂದು ಅಷ್ಟೇ ತಗ್ಗಿರಬಹುದು. ಮೂರನೆಯ ಫಲಕವನ್ನು ತಂದು, ಮೂರನ್ನೂ ಸರದಿಯಂತೆ ಜೋಡಿ ಮಾಡಿ, ದಿಕ್ಕು ತಿರುಗಿಸಿ ಪರೀಕ್ಷಿಸಿದಾಗ ಈ ಗುಟ್ಟು ಬಯಲಾಗುತ್ತದೆ. ಮೂರೂ ಒಂದಕ್ಕೊಂದು ಹೊಂದಬೇಕಾದರೆ ಮೂರೂ ಸಪಾಟಾಗಿರಲೇಬೇಕು. ಇಬ್ಬರು ಒಪ್ಪಿದ ಮಾತ್ರಕ್ಕೆ ಮಾತು ನಿಜವಾಗದು, ಮೂರನೆಯವರ ಸಾಕ್ಷಿ ಬೇಕು ಎಂಬ ಪಂಚಾಯಿತಿಯ ನ್ಯಾಯವೇ ಇಲ್ಲಿಯೂ ನಡೆಯುತ್ತದೆ. ಎಮರಿ ಪುಡಿ ಹಾಕಿ ಉಜ್ಜುವ ಹಳೆಯ ಪದ್ಧತಿಯನ್ನು ಬಿಟ್ಟು, ಬಣ್ಣ ಅಂಟಿದ ಉಬ್ಬನ್ನು ಮಾತ್ರ ಕೈಯುಳಿಯಿಂದ ಹೆರೆಯುವ ಕ್ರಮವನ್ನು ಅವರು ಪ್ರತಿಪಾದಿಸಿದರು. ಗಿರಣಿಯ ಕೆಮ್ಮಣ್ಣಿನ ತತ್ತ್ವವೇ ಇಲ್ಲಿ ಯಂತ್ರಶಾಲೆಗೆ ಬಂದಿತು.

ಆದರೆ ಸಪಾಟಾದ ಫಲಕವನ್ನು ಮಾಡಬಲ್ಲವರಿದ್ದರೆ ಸಾಲದು. ಕೊಳ್ಳುವವನೂ ಮಾಡುವವನೂ ಬೇರೆ ಬೇರೆ ಊರುಗಳಲ್ಲಿರುವಾಗ ‘ಎಷ್ಟು ಸಪಾಟು?’ ಎಂಬುದನ್ನು ಬರೆದಿಡಬೇಕಾಗುತ್ತದೆ. ಯಂತ್ರಸಾಧನಗಳ ಕ್ಷೇತ್ರದಲ್ಲಿ ಈ ಕೆಲಸವನ್ನು ವ್ಯವಸ್ಥಿತವಾಗಿ ಮಾಡಿದವರು ಬರ್ಲಿನ್ನಿನ ಪ್ರಾಧ್ಯಾಪಕ ಗೆಯೋರ್ಗ್ ಶ್ಲೆಸಿಂಗರ್. 1927ರಲ್ಲಿ ಪ್ರಕಟವಾದ ಅವರ ಪರೀಕ್ಷಾ ಕೈಪಿಡಿಯಲ್ಲಿ ಲೇತು ಮೊದಲಾದ ಯಂತ್ರಗಳ ಒಂದೊಂದು ಭಾಗಕ್ಕೂ ಎಷ್ಟು ಓರೆಕೋರೆಯನ್ನು ಒಪ್ಪಬಹುದು ಎಂಬ ಪಟ್ಟಿಗಳಿದ್ದವು. ಅಂತಹ ಪರೀಕ್ಷಾಪತ್ರದಲ್ಲಿ ಎರಡು ಕಾಲಮುಗಳಿರುತ್ತವೆ: ಒಂದರಲ್ಲಿ ಒಪ್ಪಬಹುದಾದ ದೋಷ, ಇನ್ನೊಂದರಲ್ಲಿ ಅಳೆದಾಗ ಸಿಕ್ಕ ದೋಷ. ಯಹೂದಿಗಳಾಗಿದ್ದ ಶ್ಲೆಸಿಂಗರ್ 1933ರಲ್ಲಿ ನಾಜಿ ಆಡಳಿತದಲ್ಲಿ ಸೆರೆವಾಸ ಅನುಭವಿಸಿ, ಬಳಿಕ ದೇಶ ತೊರೆದು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿ 1949ರಲ್ಲಿ ತೀರಿಕೊಂಡರು. ಅವರನ್ನು ಹೊರದೂಡಿದ ದೇಶದ ಗಡಿಯನ್ನು ದಾಟಿ ಅವರ ಪಟ್ಟಿಗಳು ಜಗತ್ತಿನ ಯಂತ್ರಶಾಲೆಗಳಲ್ಲಿ ಬಳಕೆಗೆ ಬಂದವು.

ಕರ್ನಾಟಕದಲ್ಲಿ ಈ ವಿದ್ಯೆ ಬೇರೂರಿದ್ದು ಲೇತು ತಯಾರಿಕೆಯ ಮೂಲಕ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ನಮ್ಮೆಲ್ಲರ ಎಚ್.ಎಂ.ಟಿ., ಆರಂಭವಾಯಿತು. ನಮ್ಮಲ್ಲಿ ಬಹಳ ಮಂದಿಗೆ ಎಚ್.ಎಂ.ಟಿ. ಎಂದರೆ ಮುಂಗೈಯ ಗಡಿಯಾರ. ಆದರೆ ಅದರ ಮೊದಲ ಕಸುಬು ಯಂತ್ರಗಳನ್ನು ಮಾಡುವ ಯಂತ್ರಗಳದು. ಲೇತಿನ ಹಾಸು ಸಪಾಟಾಗಿಯೂ ನೇರವಾಗಿಯೂ ಇಲ್ಲದಿದ್ದರೆ ಅದರ ಮೇಲೆ ತಯಾರಾದ ಪ್ರತಿಯೊಂದು ಭಾಗವೂ ಆ ದೋಷವನ್ನು ಹೊತ್ತು ಹೊರಡುತ್ತದೆ. ಹಾಸಿನ ಮೇಲೆ ನೀಲಿ ಬಣ್ಣ ಆಡಿಸಿ, ಅಂಟಿದ ಚುಕ್ಕೆಗಳನ್ನು ಒಂದೊಂದಾಗಿ ಹೆರೆದು, ಮತ್ತೆ ಬಣ್ಣ ಆಡಿಸುವ ಕೆಲಸಕ್ಕೆ ಕಣ್ಣು, ಕೈ, ತಾಳ್ಮೆ ಮೂರೂ ಬೇಕು. 1962ರಲ್ಲಿ ಬೆಂಗಳೂರಿನಲ್ಲಿಯೇ ಚೆಕೊಸ್ಲೊವಾಕಿಯದ ನೆರವಿನಿಂದ ಕೇಂದ್ರೀಯ ಯಂತ್ರಸಾಧನ ಸಂಸ್ಥೆ ಸ್ಥಾಪನೆಯಾಗಿ, ಅಳತೆಯ ಶಾಸ್ತ್ರಕ್ಕೆ ಅಲ್ಲಿ ಭದ್ರ ನೆಲೆ ಸಿಕ್ಕಿತು. ಹರಿಹರದ ಕಾರ್ಖಾನೆ ಇಂದು ಇಲ್ಲ, ಎಚ್.ಎಂ.ಟಿ.ಯ ಹಳೆಯ ವೈಭವವೂ ಉಳಿದಿಲ್ಲ. ಆದರೆ ಆ ಶಾಲೆಗಳಲ್ಲಿ ಪಳಗಿದ ಕೈಗಳು ಬೆಂಗಳೂರಿನ ನೂರಾರು ಸಣ್ಣ ಕಾರ್ಖಾನೆಗಳಿಗೂ ಹೊರದೇಶಗಳಿಗೂ ಹರಡಿದವು.

ಇನ್ನು ನಕ್ಷೆಯ ಭಾಷೆಗೆ ಬರೋಣ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಆಯುಧದ ಭಾಗಗಳು ನೂರಾರು ಊರುಗಳಲ್ಲಿ ತಯಾರಾಗತೊಡಗಿದಾಗ ‘ಚೆನ್ನಾಗಿ ಸಪಾಟಾಗಿರಲಿ’ ಎಂಬ ಟಿಪ್ಪಣಿ ಯಾರಿಗೂ ಉಪಯೋಗಕ್ಕೆ ಬಾರದಾಯಿತು. ಯುದ್ಧಾನಂತರ 1957ರಲ್ಲಿ ಅಮೆರಿಕದ ವೈ 14.5 ಮಾನಕವೂ, 1969ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ 1101ನೆಯ ಮಾನಕವೂ ಹೊರಬಂದವು. ಭಾರತದಲ್ಲಿ ಐ.ಎಸ್. 8000 ಎಂಬ ಮಾನಕ ಬಂದಿತು. ಇವುಗಳ ಪ್ರಕಾರ ನಮ್ಮ ಚಿಹ್ನೆಯ ಅರ್ಥ ಇಷ್ಟೇ: ಒಂದಕ್ಕೊಂದು ಸಮಾನಾಂತರವಾದ, ನಡುವೆ 0.05 ಮಿಲಿಮೀಟರ್ ಅಂತರವುಳ್ಳ ಎರಡು ಆದರ್ಶ ಸಮತಲಗಳನ್ನು ಕಲ್ಪಿಸಿಕೊಳ್ಳಿ. ಮೇಲ್ಮೈಯ ಪ್ರತಿಯೊಂದು ಬಿಂದುವೂ ಅವುಗಳ ನಡುವೆ ಅಡಗಿರಬೇಕು. ಆ ಜೋಡಿ ಸಮತಲಗಳು ಯಾವ ಕಡೆಗೆ ವಾಲಿದರೂ ಚಿಂತೆಯಿಲ್ಲ. ಇಂಗ್ಲಿಷರು ಇದನ್ನು ಟಾಲರೆನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಸಹನೆಯ ಮಿತಿ ಎನ್ನೋಣ.

ಸಪಾಟುತನಕ್ಕೂ ದಪ್ಪಕ್ಕೂ ಏನು ಸಂಬಂಧ? ಹಪ್ಪಳವನ್ನು ನೆನೆಸಿಕೊಳ್ಳಿ. ಲಟ್ಟಿಸಿದಾಗ ಅದರ ದಪ್ಪ ಎಲ್ಲೆಡೆಯೂ ಒಂದೇ. ಬಿಸಿಲಿಗೆ ಒಣಗಿದಾಗ ಅದು ಬಾಗಿ ದೋಣಿಯಂತಾಗಬಹುದು. ಆದರೂ ಬೆರಳುಗಳ ನಡುವೆ ಹಿಡಿದು ಎಲ್ಲಿ ಅಳೆದರೂ ದಪ್ಪ ಒಂದೇ. 20 ಮಿಲಿಮೀಟರ್ ದಪ್ಪದ, 0.1 ಹೆಚ್ಚುಕಡಿಮೆಯನ್ನು ಒಪ್ಪುವ ಉಕ್ಕಿನ ಫಲಕವೊಂದು ಹೀಗೆ ಬಾಗಿದ್ದರೆ ಅದು ಸರಿಯೋ ತಪ್ಪೋ? ಇಲ್ಲಿಯೇ ಎರಡು ಸಂಪ್ರದಾಯಗಳು ಬೇರೆಯಾಗುತ್ತವೆ. ಅಮೆರಿಕದ ಮಾನಕದಲ್ಲಿ, ಕೆಲವು ಹೊರತುಗಳನ್ನು ಬಿಟ್ಟರೆ, ಫಲಕವು ಬಾಗೂ ಸೇರಿದಂತೆ 20.1 ಮಿಲಿಮೀಟರಿನ ಸಂದಿನಲ್ಲಿ ತೂರಬೇಕು. ದಪ್ಪ 20.1 ಇದ್ದರೆ ಬಾಗಿಗೆ ಎಡೆಯೇ ಇಲ್ಲ; 19.9 ಇದ್ದರೆ 0.2ರಷ್ಟು ಬಾಗಬಹುದು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ, 1985ರ 8015ನೆಯ ಮಾನಕದಂತೆ, ಅಳತೆ ಬೇರೆ, ಆಕಾರ ಬೇರೆ. ವೃತ್ತದೊಳಗೆ ‘ಇ’ ಅಕ್ಷರ ಬರೆದು ಕೇಳದಿದ್ದರೆ ದಪ್ಪದ ಅಳತೆಯು ಬಾಗನ್ನು ತಡೆಯುವುದಿಲ್ಲ.

ಇದು ಪಂಡಿತರ ಚರ್ಚೆ ಮಾತ್ರವಲ್ಲ. 1965ರಲ್ಲಿ ಕೆನಡಾ ಮತ್ತು ಅಮೆರಿಕಗಳ ನಡುವೆ ಮೋಟಾರು ವಾಹನ ಒಪ್ಪಂದವಾದ ಮೇಲೆ ಒಂಟಾರಿಯೋದ ಕಾರ್ಖಾನೆಗಳು ಗಡಿಯಾಚೆಗೂ ಬಿಡಿಭಾಗಗಳನ್ನು ಪೂರೈಸತೊಡಗಿದವು. ನಕ್ಷೆಗಳ ಭಾಷೆ ಬಹುಮಟ್ಟಿಗೆ ಅಮೆರಿಕದ್ದಾಯಿತು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಲಿತು ಬಂದ ಇಂಜಿನಿಯರಿಗೆ ಚಿಹ್ನೆಗಳೆಲ್ಲ ಪರಿಚಿತವಾಗಿಯೇ ಕಾಣುತ್ತವೆ, ಆದರೆ ಬರೆಯದೆ ಬಿಟ್ಟದ್ದರ ಅರ್ಥ ಇಲ್ಲಿ ಬೇರೆ. ಆದುದರಿಂದ ನಕ್ಷೆಯನ್ನು ಓದುವಾಗ ಮೊದಲು ನೋಡಬೇಕಾದದ್ದು ಮೂಲೆಯಲ್ಲಿ ಬರೆದ ಮಾನಕದ ಹೆಸರು ಮತ್ತು ಇಸವಿ. ಅನಂತರ ಆಕಾರ.

ಪರೀಕ್ಷೆಯ ಮೇಜಿನ ಮುಂದೆ ನಿಲ್ಲುವ ಯುವಕ ಯುವತಿಯರಿಗಾಗಿ ಮೂರು ವಿಷಯಗಳನ್ನು ಹೇಳಬೇಕು. ಮೊದಲನೆಯದು: ಭಾಗವನ್ನು ಗ್ರಾನೈಟ್ ಫಲಕದ ಮೇಲಿಟ್ಟು ಅದರ ಮೇಲ್ಮುಖದ ಮೇಲೆ ಡಯಲ್ ಸೂಚಿಯನ್ನು ಓಡಿಸಿದರೆ ಸಿಗುವುದು ಕೆಳಮುಖಕ್ಕೆ ಮೇಲ್ಮುಖವು ಎಷ್ಟು ಸಮಾನಾಂತರ ಎಂಬುದು. ಸಪಾಟುತನ ಬೇಕಾದರೆ ಭಾಗವನ್ನು ಮೂರು ತಿರುಪುಗಳ ಮೇಲೆ ನಿಲ್ಲಿಸಿ, ಮೇಲ್ಮುಖದ ವಾಲನ್ನು ಮೊದಲು ಕಳೆಯಬೇಕು. ಎರಡನೆಯದು: ಬಿಂದುಗಳ ಸಂಖ್ಯೆ. ಒಲೆಯ ಮೂರು ಗುಂಡುಗಳ ಮೇಲೆ ಪಾತ್ರೆ ಎಂದೂ ಅಲುಗಾಡದು, ಏಕೆಂದರೆ ಯಾವ ಮೂರು ಬಿಂದುಗಳ ಮೂಲಕವೂ ಒಂದು ಸಮತಲ ಹಾಯುತ್ತದೆ. ಕಂಪ್ಯೂಟರ್ ಯಂತ್ರದಿಂದ ಮೂರೇ ಬಿಂದುಗಳನ್ನು ಮುಟ್ಟಿಸಿದರೆ ಎಂತಹ ಡೊಂಕು ಮೇಲ್ಮೈಗೂ ದೋಷ ಸೊನ್ನೆಯೆಂದೇ ಉತ್ತರ ಬರುತ್ತದೆ. ಸಾಕಷ್ಟು ಬಿಂದುಗಳನ್ನು ಮುಟ್ಟಿಸಿದಾಗಲೂ ಯಂತ್ರವು ಸರಾಸರಿ ಸಮತಲವನ್ನು ಆಧರಿಸಿ ಲೆಕ್ಕ ಹಾಕಿದ್ದರೆ ಬರುವ ಸಂಖ್ಯೆ ಮಾನಕ ಹೇಳುವ ಕನಿಷ್ಠ ಅಂತರಕ್ಕಿಂತ ದೊಡ್ಡದಾಗಿರಬಹುದು. ಒಳ್ಳೆಯ ಭಾಗವೊಂದು ಅನ್ಯಾಯವಾಗಿ ತಿರಸ್ಕೃತವಾಗಬಹುದು. ಮೂರನೆಯದು: ಉಷ್ಣತೆ. ಅಳತೆಗಳೆಲ್ಲವೂ 20 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದವು. ಜನವರಿಯ ಚಳಿಯಲ್ಲಿ ಲಾರಿಯಿಂದ ಇಳಿದ ಭಾಗದ ಒಂದು ಮುಖ ಬೆಚ್ಚಗಾಗಿ ಇನ್ನೊಂದು ತಣ್ಣಗಿರುವಾಗ ಅದು ಹಪ್ಪಳದಂತೆಯೇ ಬಾಗುತ್ತದೆ. ಅದು ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯುವುದು ಪರೀಕ್ಷೆಯ ಭಾಗವೇ.

ಮಹನೀಯರೇ, ಸಂಪೂರ್ಣ ಸಪಾಟಾದ ಮೇಲ್ಮೈಯನ್ನು ಈ ಲೋಕದಲ್ಲಿ ಯಾರೂ ಮಾಡಿಲ್ಲ, ಮಾಡಲಾರರು. ವಿಟ್‌ವರ್ತರ ಫಲಕಗಳಲ್ಲೂ ದೋಷವಿತ್ತು. ಚರಿತ್ರೆ ನಮಗೆ ತೋರಿಸುವ ಮುನ್ನಡೆಯೆಂದರೆ, ದೋಷವಿಲ್ಲವೆಂದು ಸಾಧಿಸುವುದನ್ನು ಬಿಟ್ಟು, ಎಷ್ಟು ದೋಷವನ್ನು ಸಹಿಸುತ್ತೇವೆ ಎಂಬುದನ್ನು ಕೆಲಸಕ್ಕೆ ಮುಂಚೆಯೇ ಬರೆದುಕೊಡುವುದನ್ನು ನಾವು ಕಲಿತೆವು. ಮಿತಿಯನ್ನು ಬರೆಯದಿದ್ದಾಗ ತೀರ್ಪು ಮೇಸ್ತ್ರಿಯ ಕಣ್ಣಿಗೆ, ಅವನ ಆ ದಿನದ ಮನಸ್ಸಿಗೆ ಬಿಟ್ಟದ್ದು. ಪರಿಚಿತನ ಕೆಲಸ ಸಪಾಟಾಗಿ ಕಾಣುತ್ತದೆ, ಹೊಸಬನ ಕೆಲಸ ಡೊಂಕಾಗಿ ಕಾಣುತ್ತದೆ. 0.05 ಎಂದು ಬರೆದ ಮೇಲೆ ಜಾಲಹಳ್ಳಿಯ ಕೆಲಸಗಾರನಿಗೂ ಇಲ್ಲಿಯ ಕೆಲಸಗಾರನಿಗೂ ಅಳತೆ ಒಂದೇ. ಬರೆದಿಟ್ಟ ಮಿತಿಯಿಂದ ಹೆಚ್ಚು ರಕ್ಷಣೆ ಪಡೆಯುವವನು ಅಪರಿಚಿತನೇ.

ವಲಸಿಗರಾದ ನಮಗೆ ಇದು ಯಂತ್ರಶಾಲೆಯಾಚೆಗೂ ಅನ್ವಯಿಸುವ ಮಾತು. ಇಲ್ಲಿಗೆ ಬಂದ ಅನೇಕ ಇಂಜಿನಿಯರುಗಳು ‘ಕೆನಡಾದ ಅನುಭವ’ವೆಂಬ ಷರತ್ತನ್ನು ಎದುರಿಸಿದರು. ಒಂಟಾರಿಯೋದ ವೃತ್ತಿಪರ ಇಂಜಿನಿಯರುಗಳ ನಿಯಂತ್ರಣ ಸಂಸ್ಥೆಯು 2023ರಲ್ಲಿ ಆ ಷರತ್ತನ್ನು ಕೈಬಿಟ್ಟು, ಅಭ್ಯರ್ಥಿಯ ಸಾಮರ್ಥ್ಯವನ್ನೇ ಪರಿಶೀಲಿಸುವ ಕ್ರಮಕ್ಕೆ ಬಂದಿತು. ಮೇಲ್ಮೈಯನ್ನು ಅದು ಬಂದ ಊರಿನಿಂದ ಅಳೆಯದೆ ಅದರದೇ ಗುಣದಿಂದ ಅಳೆಯಬೇಕೆಂಬ ನಮ್ಮ ಚಿಹ್ನೆಯ ನಿಯಮಕ್ಕೂ ಇದಕ್ಕೂ ಹೋಲಿಕೆಯಿದೆ.

ನಮ್ಮ ಮಕ್ಕಳು ಇಂತಹ ನಕ್ಷೆಯೊಂದನ್ನು ಕೈಗೆತ್ತಿಕೊಂಡಾಗ ಆ ವಾಲಿದ ಚತುರ್ಭುಜದ ಹಿಂದೆ ಗಿರಣಿಯ ಕೆಮ್ಮಣ್ಣು, ಮೂರು ಫಲಕಗಳ ಸಾಕ್ಷಿ, ದೇಶ ಬಿಟ್ಟ ಪ್ರಾಧ್ಯಾಪಕರ ಪಟ್ಟಿ, ಬೆಂಗಳೂರಿನ ಕೆಲಸಗಾರರ ನೀಲಿ ಬಣ್ಣ ಅಂಟಿದ ಬೆರಳುಗಳು ಇವೆಯೆಂಬುದನ್ನು ಅರಿಯಲಿ.