ಚಂಡೆಗೆ ಅಂಜಿದ ಯಂತ್ರಗಳು: ಘಟ್ಟದ ಮೇಲೆ ಯಕ್ಷಗಾನ ಧ್ವನಿಮುದ್ರಣ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳ ಮೆತ್ತಿನಲ್ಲಿ ಇಂದಿಗೂ ಯಕ್ಷಗಾನದ ಕ್ಯಾಸೆಟ್ಟುಗಳ ಡಬ್ಬಿ ಸಿಗುತ್ತದೆ. ಬೇಕಾದ ಪ್ರಸಂಗ ಮೊಬೈಲಿನಲ್ಲೇ ಬರುವ ಈ ಕಾಲದಲ್ಲೂ ಅದನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಹಳೆಯದರ ಮೋಹ ಇದ್ದದ್ದೇ. ಅದರ ಜೊತೆಗೆ, ಯಂತ್ರಕ್ಕೆ ಯಾವುದನ್ನು ಹಿಡಿಯಲು ಆಗಲಿಲ್ಲವೋ ಅದೂ ಆ ಮುದ್ರಿಕೆಗಳ ರುಚಿಯಲ್ಲಿ ಬೆರೆತಿದೆ.

ತಟ್ಟೆಯ ಧ್ವನಿಮುದ್ರಣ ಭಾರತಕ್ಕೆ ಬಂದದ್ದು 1902ರಲ್ಲಿ. ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿತು. ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಮೇಲೆ ಸ್ವಲ್ಪ. ನಾಟಕದ ಹಾಡು ಅಷ್ಟರಲ್ಲಿ ಮುಗಿಯುತ್ತಿತ್ತು. ಗಂಟೆಗಟ್ಟಲೆ ಬೆಳೆಯುವ ಖ್ಯಾಲನ್ನೂ ಕಲಾವಿದರು ಅಷ್ಟಕ್ಕೆ ಬಗ್ಗಿಸಿದರು. 1930ರ ದಶಕದ ಆರಂಭದಲ್ಲಿ ಗಂಗೂಬಾಯಿ ಹಾನಗಲ್ಲರ ದನಿ ಎಚ್‌ಎಂವಿ ತಟ್ಟೆಗಳ ಮೂಲಕವೇ ಊರೂರಿಗೆ ಹೋಯಿತು.

ಅದಕ್ಕೂ ಮೊದಲೇ ಅಮೆರಿಕದಲ್ಲಿ ಜಾಝ್ ಕುಣಿತದ ಬ್ಯಾಂಡುಗಳು ಇದೇ ಮೂರು ನಿಮಿಷವನ್ನು ಲಾಭಕ್ಕೆ ತಿರುಗಿಸಿಕೊಂಡವು. ಜಾಝಿನ ಮೊದಲ ತಟ್ಟೆ 1917ರಲ್ಲಿ ಹೊರಬಂತು. 1925ರಲ್ಲಿ ಮೈಕು ಬರುವವರೆಗೆ ವಾದಕರು ಒಂದು ದೊಡ್ಡ ಕಹಳೆಯ ಮುಂದೆ ನಿಂತು ನುಡಿಸಬೇಕಿತ್ತು. ಡೋಲು ಜೋರಾದರೆ ಮೇಣದ ಮೇಲೆ ಗೆರೆ ಕೊರೆಯುವ ಸೂಜಿ ಹಾರುತ್ತಿತ್ತು. ಹಾಗಾಗಿ ಡೋಲಿನವನನ್ನು ಹಿಂದಕ್ಕೆ ನಿಲ್ಲಿಸುತ್ತಿದ್ದರು, ಇಲ್ಲವೇ ಮರದ ತುಂಡು ಬಡಿಯಲು ಹಚ್ಚುತ್ತಿದ್ದರು. ಇಂದಿನ ಕೇಳುಗರು ಮೆಚ್ಚುವ ಆ ಟಕಟಕ ನಡೆಯಲ್ಲಿ ಈ ಅಡಚಣೆಯ ಪಾಲೂ ಇದೆ. 1930ರ ದಶಕದಲ್ಲಿ ಈ ಸಂಗೀತ ಮುಂಬಯಿಯ ಹೋಟೆಲುಗಳಿಗೂ ಬಂತು. ಅದನ್ನು ನುಡಿಸಿದವರಲ್ಲಿ ನಮ್ಮ ನೆರೆಯ ಗೋವಾದವರು ಬಹಳ.

ಯಕ್ಷಗಾನದ ಆಟದ ಕಥೆ ಬೇರೆ. ರಾತ್ರಿ ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಹಬ್ಬುವ ಕಲೆಗೆ ಮೂರು ನಿಮಿಷದ ತಟ್ಟೆ ಯಾವ ಮೂಲೆಗೂ ಸಾಲದು. ದಾರಿ ಸ್ವಲ್ಪ ತೆರೆದದ್ದು ರೇಡಿಯೊ. ಧಾರವಾಡ ಆಕಾಶವಾಣಿ 1950ರಲ್ಲಿ, ಭದ್ರಾವತಿ 1965ರಲ್ಲಿ, ಮಂಗಳೂರು 1976ರಲ್ಲಿ ಆರಂಭವಾದವು. ಭಾಗವತರು ಸ್ಟುಡಿಯೊದ ಗಡಿಯಾರ ನೋಡಿಕೊಂಡು ಪದ ಹೇಳುವುದನ್ನು ಕಲಿತರು, ಅರ್ಥಧಾರಿಗಳು ಮಾತನ್ನು ಬಿಗಿಮಾಡಿದರು.

ನಿಜವಾದ ತಿರುವು ಕ್ಯಾಸೆಟ್ಟಿನದು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ 1980ರ ದಶಕದಲ್ಲಿ ಅಡಿಕೆ ತೋಟದ ಮನೆಗಳನ್ನು ಹೊಕ್ಕಿತು. ಅದರಿಂದ ಕೇಳುಗನೇ ಮುದ್ರಣಕಾರನಾದ. ಆಟಕ್ಕೆ ಹೋಗುವವರು ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಧ್ವನಿವರ್ಧಕದ ಹತ್ತಿರ ಜಾಗ ಹಿಡಿಯುತ್ತಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಮಗ್ಗುಲು ಬದಲಿಸುವಷ್ಟರಲ್ಲಿ ಪದದ ಒಂದು ಸಾಲು ಹಾರಿಹೋಗುತ್ತಿತ್ತು. ಚಂಡೆಯ ಹೊಡೆತ ಬಿದ್ದೊಡನೆ ಯಂತ್ರ ತಾನಾಗಿಯೇ ದನಿಯ ಮಟ್ಟ ತಗ್ಗಿಸುತ್ತಿತ್ತು. ಏರುಪದದಲ್ಲಿ ಭಾಗವತರ ಕಂಠ ಮುಳುಗಿ, ಪೆಟ್ಟು ನಿಂತ ಕ್ಷಣ ಮತ್ತೆ ಮೇಲೇಳುತ್ತಿತ್ತು. ಈ ಏಳುಬೀಳಿಗೇ ಒಂದು ತಲೆಮಾರಿನ ಕಿವಿ ಪಳಗಿತು.

ಚಳಿಗಾಲದ ಅಡಿಕೆ ಸುಲಿತಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಇರಲಿಲ್ಲ. ಮೆಟ್ಟುಗತ್ತಿಯ ಮೇಲೆ ಕೈ ನಡೆಯುತ್ತಿದ್ದರೆ ಕಿವಿ ಪ್ರಸಂಗದಲ್ಲಿ. ವೇಷವಾಗಲಿ ಕುಣಿತವಾಗಲಿ ಇಲ್ಲದ ತಾಳಮದ್ದಳೆಯಂತೂ ಕ್ಯಾಸೆಟ್ಟಿಗೆಂದೇ ಹುಟ್ಟಿದ ಹಾಗಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾದಸರಣಿಯನ್ನು ಜನ ಮತ್ತೆ ಮತ್ತೆ ಹಾಕಿ ಕೇಳಿದರು.

ಕಣ್ಣಿಗೆ ಕೆಲಸವಿಲ್ಲದೆ ಕಿವಿಯೊಂದೇ ಉಳಿದಾಗ ಭಾಗವತರೇ ನಾಯಕರಾದರು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ, ಅಪಘಾತದಲ್ಲಿ ತೀರಿಕೊಂಡರು. ಅವರನ್ನು ರಂಗದಲ್ಲಿ ನೋಡದವರೂ ಇಂದು ಅವರ ಶೈಲಿಯನ್ನು ಗುರುತಿಸಬಲ್ಲರೆಂದರೆ ಅದು ಕ್ಯಾಸೆಟ್ಟಿನ ಪುಣ್ಯ. ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತ, ಪೆರ್ಡೂರು ಮೇಳದ ಸುಬ್ರಹ್ಮಣ್ಯ ಧಾರೇಶ್ವರ, ಸಿದ್ದಾಪುರದ ಕೊಳಗಿ ಕೇಶವ ಹೆಗಡೆ: ಒಬ್ಬೊಬ್ಬರ ದನಿಗೂ ಅದರದೇ ಪಕ್ಷ ಕಟ್ಟಿಕೊಂಡಿತು. ಇದಕ್ಕೆ ಬೆಲೆಯೂ ತೆರಬೇಕಾಯಿತು. ಬಾಯಿಪಾಠವಾದ ಪದವನ್ನು ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ ಹೇಳಬೇಕೆಂಬ ಒತ್ತಾಯ ರಂಗಕ್ಕೂ ಬಂತು.

ಆಮೇಲೆ ಎಂಪಿ3 ಸಿಡಿ ಬಂತು, ಯೂಟ್ಯೂಬ್ ಬಂತು. ಈಗ ಚಂಡೆಗೂ ಪ್ರತ್ಯೇಕ ಮೈಕು, ಹಿಡಿಯಲಾಗದ್ದು ಏನೂ ಇಲ್ಲ. ಹಾಗಿದ್ದೂ ವಾಟ್ಸ್ಯಾಪ್ ಸ್ಟೇಟಸ್ಸಿಗಾಗಿ ಪದದ ಒಂದೇ ತುಣುಕನ್ನು ಕತ್ತರಿಸುತ್ತೇವೆ. ತಟ್ಟೆ ಕೊಡುತ್ತಿದ್ದ ಮೂರು ನಿಮಿಷವೇ ಈಗ ಧಾರಾಳವೆನಿಸುತ್ತದೆ.

ಜಾಝಿನ ಹಳೆಯ ತಟ್ಟೆಗಳಿಗೆ ಒಂದು ಅನುಕೂಲವಿತ್ತು: ಹೆಚ್ಚಿನವನ್ನು ಕಂಪನಿಗಳು ಮುದ್ರಿಸಿದ್ದು, ತಟ್ಟೆಗೆ ಸಂಖ್ಯೆ ಇದೆ, ದಿನಾಂಕ ಹುಡುಕಲು ದಾಖಲೆ ಇದೆ. ಅದನ್ನು ಹಿಡಿದೇ ಸಂಗ್ರಾಹಕರು ಒಂದು ಶಾಸ್ತ್ರವನ್ನೇ ಕಟ್ಟಿದರು. ನಮ್ಮ ಮನೆಮುದ್ರಿಕೆಗಳ ಮೇಲೆ ಹೆಚ್ಚೆಂದರೆ ‘ಗದಾಯುದ್ಧ, 2’ ಎಂದಿರುತ್ತದೆ. ಮಲೆನಾಡಿನ ಮಳೆಗಾಲದ ತಂಡಿಗೆ ಟೇಪು ಬೂಸಲು ಹಿಡಿಯುತ್ತಿದೆ. ಡಿಜಿಟಲ್ ಮಾಡಿಸುವುದು ಅರ್ಧ ಕೆಲಸ. ಯಾವ ಊರಿನ ಆಟ, ಯಾವ ವರ್ಷದ್ದು, ಮದ್ದಳೆ ಯಾರದು ಎಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಉಳಿದರ್ಧ. ಮೊದಲು ಆಗಬೇಕಾದದ್ದು ಈ ಎರಡನೆಯದೇ.