ಆಪರೇಷನ್‌ಗೂ ಮುನ್ನ ಗಾಂಜಾ, ಭಾಂಗ್ ಸೇವಿಸಿದ್ದೀರಾ? ಅರಿವಳಿಕೆ ವೈದ್ಯರ ಬಳಿ ಮುಚ್ಚಿಡಬೇಡಿ

ಪುಣೆ: ಬೆಳಗಾವಿ, ವಿಜಯಪುರ, ಕಲಬುರಗಿ ಭಾಗದಿಂದ ದೊಡ್ಡ ಆಪರೇಷನ್‌ಗಾಗಿ ಪುಣೆಯ ಆಸ್ಪತ್ರೆಗಳಿಗೆ ಹೋಗುವವರಿದ್ದಾರೆ. ಓದು, ಐಟಿ ಕೆಲಸಕ್ಕೆಂದು ಅಲ್ಲೇ ನೆಲೆಸಿದ ಕನ್ನಡಿಗರೂ ಕಡಿಮೆಯಿಲ್ಲ. ಆಪರೇಷನ್‌ಗೆ ಮೊದಲು ಅರಿವಳಿಕೆ ತಪಾಸಣೆಯಲ್ಲಿ ಇವರು ಎದುರಿಸುವ ಮರಾಠಿ ಪ್ರಶ್ನೆಯೊಂದಿದೆ: 'ಕಾಹೀ ವ್ಯಸನ ಆಹೇ ಕಾ?' ಅಂದರೆ, ಏನಾದರೂ ಚಟ ಇದೆಯೇ? ಬೀಡಿ, ತಂಬಾಕು, ಸಾರಾಯಿಯ ಬಗ್ಗೆ ಉತ್ತರ ಸಿಗುತ್ತದೆ. ಗಾಂಜಾ ಸೇದುವವರು ಮಾತ್ರ ಬಾಯಿ ಬಿಡುವುದಿಲ್ಲ. ಶಿವರಾತ್ರಿ, ಹೋಳಿಗೆ ಭಾಂಗ್ ಕುಡಿಯುವವರಿಗಂತೂ ಅದು ಚಟ ಎಂದು ಅನ್ನಿಸಿಯೇ ಇರುವುದಿಲ್ಲ.

ಇದು ಬೆರಳೆಣಿಕೆಯ ಜನರ ವಿಷಯವಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ದೇಶದ ಸುಮಾರು 3.1 ಕೋಟಿ ಜನ ಭಾಂಗ್, ಗಾಂಜಾ ಅಥವಾ ಚರಸ್ ಸೇವಿಸಿದ್ದರು. ಅವರಲ್ಲಿ ಭಾಂಗ್ ಸೇವಿಸಿದವರೇ ಸುಮಾರು 2.2 ಕೋಟಿ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದೇ ಸ್ವೀಕರಿಸುವ ಭಕ್ತರಿದ್ದಾರೆ. ಪ್ರಸಾದ ತೆಗೆದುಕೊಂಡವರನ್ನು 'ಚಟ ಇದೆಯೇ' ಎಂದು ಕೇಳಿದರೆ 'ಇಲ್ಲ' ಎನ್ನುವುದು ಸುಳ್ಳೂ ಅಲ್ಲ. ತೊಂದರೆ ಇರುವುದು ಪ್ರಶ್ನೆಯಲ್ಲೇ. ಗಾಂಜಾ, ಭಾಂಗ್ ಎಂದು ಹೆಸರು ಹಿಡಿದು ಕೇಳಿದರಷ್ಟೇ ಸರಿಯಾದ ಉತ್ತರ ಸಿಗುತ್ತದೆ.

ಹೃದಯದ ಮೇಲೆ ಏನು ಪರಿಣಾಮ?

ಗಾಂಜಾದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ. ಸೇದಿದ ಕೆಲವೇ ನಿಮಿಷಗಳಲ್ಲಿ ಎದೆಬಡಿತ ಏರುತ್ತದೆ, ರಕ್ತದೊತ್ತಡದಲ್ಲಿ ಏರಿಳಿತವಾಗುತ್ತದೆ. ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 4.8 ಪಟ್ಟು ಹೆಚ್ಚು ಎಂದು ಅಮೆರಿಕದ ಸಂಶೋಧಕರು 2001ರಲ್ಲೇ ವರದಿ ಮಾಡಿದ್ದರು. ಅರಿವಳಿಕೆಯಲ್ಲಿ ಬಳಸುವ ಕೆಟಮಿನ್, ಅಟ್ರೋಪಿನ್‌ನಂಥ ಔಷಧಗಳೂ ಎದೆಬಡಿತ ಹೆಚ್ಚಿಸುತ್ತವೆ. ಎರಡೂ ಒಟ್ಟಿಗೆ ಸೇರಿದರೆ, ಅದರಲ್ಲೂ ಮೊದಲೇ ಹೃದಯದ ಕಾಯಿಲೆ ಇದ್ದರೆ, ಏನಾಗಬಹುದೆಂದು ವಿವರಿಸಬೇಕಿಲ್ಲ.

ಅಮೆರಿಕದ ಪ್ರಾದೇಶಿಕ ಅರಿವಳಿಕೆ ಮತ್ತು ನೋವು ಚಿಕಿತ್ಸಾ ತಜ್ಞರ ಸಂಘ 2023ರ ಜನವರಿಯಲ್ಲಿ ಈ ಕುರಿತು ಮಾರ್ಗಸೂಚಿ ಹೊರಡಿಸಿತು. ಅರಿವಳಿಕೆ ಬೇಕಿರುವ ಪ್ರತಿ ರೋಗಿಯನ್ನೂ ಗಾಂಜಾ ಬಳಕೆಯ ಬಗ್ಗೆ ಕೇಳಬೇಕು, ಸೇದಿದ ಮೇಲೆ ಕನಿಷ್ಠ 2 ಗಂಟೆ ತುರ್ತಲ್ಲದ ಶಸ್ತ್ರಚಿಕಿತ್ಸೆ ಮಾಡಬಾರದು, ಅಮಲಿನಲ್ಲಿ ಬುದ್ಧಿ ಸ್ಥಿಮಿತದಲ್ಲಿಲ್ಲದವರ ಆಪರೇಷನ್ ಮುಂದೂಡಬೇಕು ಎನ್ನುತ್ತದೆ ಅದು.

ಈ 2 ಗಂಟೆಯ ಲೆಕ್ಕ ಸೇದುವವರದ್ದು. ಭಾಂಗ್‌ಗೆ ಇದು ಹೊಂದುವುದಿಲ್ಲ. ಹೊಟ್ಟೆಗೆ ಹೋದ ಭಾಂಗ್ ಅಮಲೇರಲು ಅರ್ಧ ಗಂಟೆಯಿಂದ 2 ಗಂಟೆ ಹಿಡಿಯುತ್ತದೆ, ಇಳಿಯಲು 6ರಿಂದ 12 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಜೊತೆಗೆ ಠಂಡಾಯಿ ಎಂದರೆ ಹಾಲು, ಬಾದಾಮಿ. ಆಪರೇಷನ್‌ಗೆ 2 ಗಂಟೆ ಮೊದಲಿನವರೆಗೂ ನೀರು ಕುಡಿಯಲು ಬಿಡುವ ವೈದ್ಯರು ಹಾಲಿಗೆ ಕನಿಷ್ಠ 6 ಗಂಟೆಯ ಅಂತರ ಕೇಳುತ್ತಾರೆ. ಟಿಎಚ್‌ಸಿ ಹೊಟ್ಟೆ ಖಾಲಿಯಾಗುವುದನ್ನೂ ನಿಧಾನಿಸುತ್ತದೆ. ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಮದ್ದಿನ ಪ್ರಮಾಣವೇ ಬದಲಾಗುತ್ತದೆ

ಅಮೆರಿಕದ ಕೊಲರಾಡೊದಲ್ಲಿ ಎಂಡೋಸ್ಕೋಪಿಗೆ ಒಳಗಾದ 250 ರೋಗಿಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನಿಯಮಿತವಾಗಿ ಗಾಂಜಾ ಬಳಸುವವರಿಗೆ ಮಂಪರು ತರಿಸಲು ಫೆಂಟನಿಲ್ ಶೇ. 14, ಮಿಡಜೋಲಮ್ ಶೇ. 20, ಪ್ರೊಪೊಫಾಲ್ ಶೇ. 220ರಷ್ಟು ಹೆಚ್ಚು ಬೇಕಾಗಿತ್ತು. ಇದು ಸಣ್ಣ ಅಧ್ಯಯನ, ಇದೊಂದನ್ನೇ ನೆಚ್ಚಿ ಪ್ರಮಾಣ ನಿರ್ಧರಿಸಲಾಗದು. ಆದರೆ ಬಹುಕಾಲದಿಂದ ಸೇದುವವರಿಗೆ ಸಾಮಾನ್ಯ ಪ್ರಮಾಣ ಸಾಲದೇ ಹೋಗಬಹುದು ಎಂಬುದನ್ನು ಅರಿವಳಿಕೆ ತಜ್ಞರು ಒಪ್ಪುತ್ತಾರೆ. ಅದೇ ತಾನೇ ಸೇದಿ ಬಂದವರಲ್ಲಿ ಇದು ತಿರುವುಮುರುವು: ಗಾಂಜಾದ ಮಂಪರು ಮದ್ದಿನ ಮಂಪರಿಗೆ ಸೇರಿ ಎರಡೂ ಒಟ್ಟಾಗಿ ಕೆಲಸ ಮಾಡುತ್ತವೆ. ಹಾಗಾಗಿ 'ಸೇದುತ್ತೇನೆ' ಎಂದಷ್ಟೇ ಹೇಳಿದರೆ ಸಾಲದು. ಏನು, ಎಷ್ಟು, ವಾರಕ್ಕೆ ಎಷ್ಟು ಸಲ, ಕೊನೆಯ ಬಾರಿ ಯಾವಾಗ ಎಂಬುದೂ ಬೇಕು.

ಮೂತ್ರ ಪರೀಕ್ಷೆ ಮಾಡಿದರಾಯಿತಲ್ಲ ಎನ್ನಬಹುದು. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ನಿತ್ಯ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಅದರ ಕುರುಹು ಸಿಗುತ್ತದೆ. ಈಗ ಅಮಲಿದೆಯೇ ಎಂಬುದನ್ನು ಆ ಪರೀಕ್ಷೆ ಹೇಳದು. ಅದಕ್ಕೆ ರೋಗಿಯ ಮಾತೇ ಆಧಾರ.

ಹೊಗೆಯಿಂದ ಕೆರಳಿದ ಶ್ವಾಸನಾಳ ಉಸಿರಾಟದ ಕೊಳವೆ ಹಾಕುವಾಗ ಬಿಗಿದುಕೊಳ್ಳಬಹುದು. ಆಪರೇಷನ್ ಮುಗಿದ ಮೇಲೂ ಇಂಥವರಿಗೆ ನೋವು ಹೆಚ್ಚು, ನೋವುನಿವಾರಕವೂ ಹೆಚ್ಚು ಬೇಕಾಗುವುದುಂಟು. ನಿತ್ಯ ಸೇದುವವರು ಥಟ್ಟನೆ ಬಿಟ್ಟರೆ ಒಂದೆರಡು ದಿನದಲ್ಲಿ ನಿದ್ರೆ ಬಾರದು, ಬೆವರುತ್ತಾರೆ, ಸಿಡಿಮಿಡಿಗೊಳ್ಳುತ್ತಾರೆ, ಊಟ ಸೇರದು. ವಿಷಯ ಗೊತ್ತಿಲ್ಲದ ವಾರ್ಡಿನಲ್ಲಿ ಇದನ್ನು ಬೇರೇನೋ ತೊಡಕೆಂದು ತಿಳಿದು ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆಯಬಹುದು. ನೋವಿಗೆ, ನಿದ್ರೆಗೆ ಆಯುರ್ವೇದದ 'ವಿಜಯಾ' ತೈಲ ಅಥವಾ ಮಾತ್ರೆ ತೆಗೆದುಕೊಳ್ಳುವವರೂ ತಿಳಿಸಬೇಕು, ವಿಜಯಾ ಎಂದರೂ ಅದೇ ಗಿಡ.

ಹೇಳಿದರೆ ಪೊಲೀಸರು ಬರುತ್ತಾರೆಯೇ?

ಬಾಯಿ ಕಟ್ಟುವುದು ಈ ಭಯವೇ. ಗಾಂಜಾ ಸೇವನೆ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ ನಿಜ: 6 ತಿಂಗಳವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಬರೀ ಎಲೆಯಿಂದ ಮಾಡಿದ ಭಾಂಗ್ ಆ ಕಾಯ್ದೆಯ ವ್ಯಾಖ್ಯೆಯಿಂದ ಹೊರಗಿದೆ. ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಇದನ್ನು ಗಮನಿಸಿದೆ. ಆದರೂ ಭಾಂಗ್ ಮೇಲೆ ಆಯಾ ರಾಜ್ಯದ ಕಾನೂನು ಇದ್ದೇ ಇದೆ. ಇತ್ತ 2002ರ ವೈದ್ಯಕೀಯ ನೀತಿಸಂಹಿತೆ, ಚಿಕಿತ್ಸೆ ವೇಳೆ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಬಹಿರಂಗಪಡಿಸಬಾರದು ಎನ್ನುತ್ತದೆ. ನ್ಯಾಯಾಧೀಶರ ಆದೇಶ, ಬೇರೊಬ್ಬರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳಷ್ಟೇ ಇದಕ್ಕೆ ಹೊರತು.

ಹಲವರಿಗೆ ಪೊಲೀಸರಿಗಿಂತ ಪಕ್ಕದಲ್ಲಿ ಕೂತ ಅಪ್ಪ, ಅತ್ತೆ ಅಥವಾ ಹೆಂಡತಿಯ ಭಯವೇ ಹೆಚ್ಚು. 'ಡಾಕ್ಟರ್, ಒಂದು ನಿಮಿಷ ಒಬ್ಬನೇ ಮಾತಾಡಬೇಕು' ಎಂದು ಕೇಳುವುದರಲ್ಲಿ ತಪ್ಪಿಲ್ಲ, ಅದು ರೋಗಿಯ ಹಕ್ಕು. ಅಪಘಾತದಂಥ ತುರ್ತು ಸಂದರ್ಭದಲ್ಲಿ ಆಪರೇಷನ್ ಮುಂದೂಡಲಾಗದು, ರೋಗಿಗೆ ಪ್ರಜ್ಞೆಯೂ ಇರಲಿಕ್ಕಿಲ್ಲ. ಆಗ ವಿಷಯ ಗೊತ್ತಿರುವ ಸ್ನೇಹಿತ, ರೂಮ್‌ಮೇಟ್ ಯಾರಾದರೂ ಅರಿವಳಿಕೆ ವೈದ್ಯರ ಕಿವಿಗೆ ಹಾಕಬೇಕು. ಮದ್ದಿನ ಆಯ್ಕೆಯಿಂದ ಹಿಡಿದು ಹೃದಯದ ನಿಗಾವರೆಗೆ ಅವರು ಅದಕ್ಕೆ ತಕ್ಕಂತೆ ಸಿದ್ಧರಾಗುತ್ತಾರೆ.